ನಿಂಬೆ ಉಪ್ಪಿನ ನೋಟೀಸು

ಕುವೆಂಪುನಗರದ ಆ ಅಡ್ಡರಸ್ತೆಯವರಿಗೆ ಗಡಿಯಾರ ಬೇಕಿರಲಿಲ್ಲ. ಸಣ್ಣಮಾದಯ್ಯನವರ ಸಿಟ್ಟು ಸಾಕಿತ್ತು. ಆರೂವರೆಗೆ ಹಾಲಿನ ಪ್ಯಾಕೆಟ್ ಗೇಟಿನಾಚೆ ಬಿತ್ತೆಂದು ಒಂದು ಸಲ, ಏಳಕ್ಕೆ ನಲ್ಲಿಯ ನೀರು ಸಣ್ಣಗಾಯಿತೆಂದು ಒಂದು ಸಲ, ಎಂಟೂಕಾಲಿಗೆ ಯಾರೋ ತಮ್ಮ ಮೊಪೆಡ್ಡಿಗೆ ಅಡ್ಡವಾಗಿ ಕಾರು ನಿಲ್ಲಿಸಿದರೆಂದು ಒಂದು ಸಲ. ಮೂರನೆಯ ಕೂಗು ಕಿವಿಗೆ ಬಿದ್ದ ಕೂಡಲೇ ಎದುರುಮನೆಯ ಬಸಮ್ಮ ತಮ್ಮ ಮೊಮ್ಮಗಳಿಗೆ, "ಮೇಷ್ಟ್ರು ಕಾಲೇಜಿಗೆ ಹೊರಟ್ರು, ಬೇಗ ಬ್ಯಾಗ್ ಹಾಕ್ಕೋ" ಎನ್ನುತ್ತಿದ್ದರು.

ಈ ಮೇಷ್ಟ್ರು ಎಂಬ ಮಾತಿನಲ್ಲಿ ಒಂದು ಸಣ್ಣ ತೊಡಕಿತ್ತು. ಸಣ್ಣಮಾದಯ್ಯನವರು ಊರಿನ ಒಂದು ಖಾಸಗಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಅಟೆಂಡರು. ಆರು ವರ್ಷದ ಹಿಂದೆ ಈ ಬೀದಿಯಲ್ಲಿ ಮನೆ ಕಟ್ಟಿಸಿ ಗೇಟಿಗೆ ಬೋರ್ಡು ಬರೆಸುವಾಗ, ಬರೆಯುವವನು ಹೆಸರಿನ ಕೆಳಗೆ ಏನು ಹಾಕಲಿ ಎಂದು ಕೇಳಿದ. ಸಣ್ಣಮಾದಯ್ಯನವರು ಒಂದು ಕ್ಷಣ ಆಕಾಶ ನೋಡಿ, "ರಸಾಯನಶಾಸ್ತ್ರ ವಿಭಾಗ" ಎಂದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪ್ರತಿ ಭಾನುವಾರ ಅವರ ಹೆಂಡತಿ ಮುದ್ದಮ್ಮ ಲ್ಯಾಬಿನ ಬಿಳಿ ಕೋಟನ್ನು ಒಗೆದು ತಂತಿಗೆ ಹಾಕುತ್ತಿದ್ದರು. ಬೋರ್ಡನ್ನೂ ಕೋಟನ್ನೂ ಕೂಡಿಸಿ ಲೆಕ್ಕ ಹಾಕಿದ ಬೀದಿಯವರು ಲೆಕ್ಚರರ್ ಎಂಬ ಉತ್ತರ ತೆಗೆದರು. ಸಣ್ಣಮಾದಯ್ಯನವರು ಆ ಲೆಕ್ಕವನ್ನು ತಿದ್ದಲು ಹೋಗಲಿಲ್ಲ.

"ಇವತ್ತಲ್ಲ ನಾಳೆ ಇದು ನಿಮ್ಮ ಕತ್ತಿಗೇ ಸುತ್ಕೊಳ್ತದೆ ನೋಡ್ರೀ" ಎಂದು ಮುದ್ದಮ್ಮ ಆಗಾಗ ಹೇಳುತ್ತಿದ್ದರು.

"ನಾನು ಲೆಕ್ಚರರ್ ಅಂತ ಹೇಳಿದೀನಾ? ಯಾರ ಹತ್ರ ಹೇಳಿದೀನಿ? ಕರ್ಕೊಂಡ್ ಬಾ ಅವರನ್ನ!" ಎಂದು ಅವರು ಕೂಗುತ್ತಿದ್ದರು. ಇದು ದಿನದ ನಾಲ್ಕನೆಯ ಸಿಟ್ಟು. ಇದಕ್ಕೆ ಗೊತ್ತಾದ ಸಮಯವಿರಲಿಲ್ಲ.

ಏಪ್ರಿಲ್ ತಿಂಗಳು ಬಂತು. ಅಂಬೇಡ್ಕರ್ ಜಯಂತಿಯ ದಿನ ಬೀದಿಯ ಮೂಲೆಯಲ್ಲಿ ಪೆಂಡಾಲು ಹಾಕಿ, ಬಂದುಹೋಗುವವರಿಗೆಲ್ಲ ನಿಂಬೆ ಶರಬತ್ತು ಕೊಡುವುದೆಂದು ತೀರ್ಮಾನವಾಯಿತು. ಭಾನುವಾರ ಸಭೆ ಸೇರಿತು. ಜಯಂತಿ ಸಮಿತಿಯ ಅಧ್ಯಕ್ಷ ಶಿವಲಿಂಗಯ್ಯ ನಿವೃತ್ತ ಬಸ್ ಕಂಡಕ್ಟರು. ಅವರ ಸಭೆಯಲ್ಲಿ ಯಾವ ವಿಷಯವೂ ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ. "ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ" ಎಂದು ತಳ್ಳಿಬಿಡುತ್ತಿದ್ದರು.

"ಈ ಬಿಸ್ಲಲ್ಲಿ ನಿಂಬೆಹಣ್ಣು ಸಿಕ್ಕೋದೇ ಕಷ್ಟ. ಸಿಕ್ಕಿದ್ರೂ ಗೋಲಿ ಗಾತ್ರ. ಹಿಂಡುದ್ರೆ ರಸಕ್ಕಿಂತ ನಮ್ಮ ಬೆವರೇ ಜಾಸ್ತಿ ಬೀಳ್ತದೆ. ನಿಂಬೆ ಉಪ್ಪು ತಂದ್ಬುಡಾಣ. ಮುಂದಕ್ಕೆ ಹೋಗಿ" ಎಂದರು ಶಿವಲಿಂಗಯ್ಯ.

ಸಣ್ಣಮಾದಯ್ಯನವರು ಸುಮ್ಮನೆ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡು, "ಅಂದ್ರೆ ಸಿಟ್ರಿಕ್ ಆಸಿಡ್" ಎಂದರು.

"ಆಸಿಡ್ಡಾ!" ಬಸಮ್ಮ ಎದೆ ಮುಟ್ಟಿಕೊಂಡರು.

"ತಿನ್ನೋ ಆಸಿಡ್ ಕಣಮ್ಮ. ಜಾಮು, ಜ್ಯೂಸು, ನಿಮ್ಮ ಮೊಮ್ಮಗಳು ಚೀಪೋ ಹುಳಿ ಪೆಪ್ಪರಮಿಂಟು, ಎಲ್ಲಾದ್ರಲ್ಲೂ ಇರೋದು ಅದೇ. ಆದ್ರೆ ಅದಕ್ಕೊಂದು ಅಳತೆ ಬೇಕು, ಎಚ್ಚರ ಬೇಕು. ಪುಡಿಯಾಗಿದ್ದಾಗ ಅದೂ ಆಸಿಡ್ಡೇ."

"ಎಚ್ಚರದ ಜವಾಬ್ದಾರಿ ಮೇಷ್ಟ್ರಿಗೆ!" ಶಿವಲಿಂಗಯ್ಯ ಅಲ್ಲೇ ಟಿಕೆಟ್ ಹರಿದುಬಿಟ್ಟರು. "ಕೆಮಿಸ್ಟ್ರಿ ಲೆಕ್ಚರರ್ರೇ ನಮ್ಮ ಬೀದೀಲಿರೋವಾಗ ನಮಗಿನ್ನೇನ್ರಪ್ಪಾ ಭಯ?"

ಎಲ್ಲರೂ ಚಪ್ಪಾಳೆ ತಟ್ಟಿದರು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಆದರೆ ಚಪ್ಪಾಳೆಯ ನಡುವೆ ಮಾತಾಡುವುದು ಸಭ್ಯತೆಯಲ್ಲ ಎಂದು ಸಣ್ಣಮಾದಯ್ಯನವರು ಕೈಮುಗಿದು ಕೂತರು.

ಮರುದಿನ ಸಂಜೆ ಶಿವಲಿಂಗಯ್ಯನವರ ಸ್ಕೂಟರು ಬಂದು ನಿಂತಿತು. ಹ್ಯಾಂಡಲ್ಲಿನ ಎರಡು ಕಡೆಗೂ ಒಂದೊಂದು ಪ್ಲಾಸ್ಟಿಕ್ ಕವರು ನೇತಾಡುತ್ತಿತ್ತು. ಅದೇ ತೆಳು ಕವರು, ಅದೇ ಗಂಟು, ಒಳಗೆ ಅದೇ ಬಿಳಿ ಪುಡಿ.

"ಒಂದು ನಿಂಬೆ ಉಪ್ಪು. ಇನ್ನೊಂದು ಚರಂಡಿ ಪಕ್ಕ ಹಾಕೋಕೆ ಬ್ಲೀಚಿಂಗ್ ಪೌಡರ್."

"ಯಾವುದು ಯಾವುದು?"

ಶಿವಲಿಂಗಯ್ಯ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಸಂತೆಪೇಟೆ ಬುಡೋವಾಗ ನಿಂಬೆ ಉಪ್ಪು ಎಡಗಡೆ ಇತ್ತು. ಆಮೇಲೆ ಪೆಟ್ರೋಲ್ ಹಾಕ್ಸೋಕೆ ಅಂತ ಎರಡೂ ತೆಗೆದು ಮತ್ತೆ ನೇತಾಕ್ದೆ… ಒಂಚೂರು ನೆಕ್ಕಿ ನೋಡಿ ಮೇಷ್ಟ್ರೆ, ಗೊತ್ತಾಗ್ತದೆ."

ಸಣ್ಣಮಾದಯ್ಯನವರ ಮುಖ ಕತ್ತಿನಿಂದ ಮೇಲಕ್ಕೆ ಕೆಂಪಾಗತೊಡಗಿತು.

"ನೆಕ್ಕಬೇಕಾ? ಬ್ಲೀಚಿಂಗ್ ಪೌಡರನ್ನ ನೆಕ್ಕಬೇಕಾ ನಾನು? ವಾಸನೇಲೇ ನನಗೆ ಗೊತ್ತಾಗ್ತದೆ ಕಣ್ರೀ! ಆಡೋ ಮಕ್ಕಳಿಗೆ ಗೊತ್ತಾಗ್ತದಾ? ಸಕ್ಕರೆ ಅಂತ ಬಾಯಿಗೆ ಹಾಕ್ಕೊಂಡ್ರೆ? ಒಂದು ಚೀಟಿ ಅಂಟ್ಸೋಕೆ ಅಂಗಡಿಯವನಿಗೆ ಏನು ರೋಗ? ಅಂಟ್ಸು ಅಂತ ಕೇಳೋಕೆ ನಿಮಗೇನು ರೋಗ?"

"ಬುಡಿ ಮೇಷ್ಟ್ರೆ, ಮುಂದಕ್ಕೆ ಹೋಗಾಣ…"

"ಹೋಗಲ್ಲ!" ಅವರು ಎರಡೂ ಕವರನ್ನು ದೂರದಿಂದಲೇ ಮೂಸಿ ಒಂದನ್ನು ಬಿಚ್ಚಿಕೊಂಡರು. "ನಿಂಬೆ ಉಪ್ಪನ್ನ ನಾನು ಇಟ್ಕೊಳ್ತೀನಿ. ಬ್ಲೀಚಿಂಗ್ ಪೌಡರ್ ನಿಮ್ಮನೇಲಿ ಇರ್ಲಿ. ಎರಡೂ ಒಂದು ಕಡೆ ಸೇರ್‍ಬಾರ್ದು, ಸೇರಿದ್ರೆ ವಿಷದ ಗಾಳಿ ಏಳ್ತದೆ!"

ಕೊನೆಯ ಮಾತು ಹೇಳುವಷ್ಟರಲ್ಲಿ ಶಿವಲಿಂಗಯ್ಯ ಸ್ಕೂಟರಿಗೆ ಒದ್ದಾಗಿತ್ತು. ಹಳೆಯ ಸ್ಕೂಟರಿನ ಸದ್ದಿನಲ್ಲಿ ಅವರಿಗೆ ಕೇಳಿಸಿದ್ದು 'ಗಾಳಿ' ಎಂಬುದೊಂದೇ. ಟೈರಿನ ವಿಷಯವಿರಬೇಕೆಂದು ತಲೆಯಾಡಿಸಿ ಹೊರಟುಹೋದರು.

ಮನೆಯೊಳಗೆ ಸಣ್ಣಮಾದಯ್ಯನವರು ಕೈಗವಸು ಹಾಕಿಕೊಂಡು, ಮೂಗಿಗೆ ಮಾಸ್ಕು ಕಟ್ಟಿ, ಪುಡಿಯನ್ನು ಮುಚ್ಚಳದ ಡಬ್ಬಿಗೆ ಸುರಿಯಲು ಕೂತರು. ಮುದ್ದಮ್ಮ ಬಗ್ಗಿ ನೋಡಿದರು.

"ನಿಂಬೆ ಉಪ್ಪಿಗೆ ಇಷ್ಟೊಂದು ವೇಷವಾ? ನಮ್ಮಮ್ಮ ಬರಿಗೈಲೇ ಹಾಕೋರು, ಕೈಯೇನೂ ಉದುರಿ ಬೀಳ್ಲಿಲ್ಲ."

"ಮುಖ ದೂರ ಇಟ್ಕೋ! ಧೂಳು ಏಳ್ತದೆ!"

ಧೂಳು ಎದ್ದೇ ಎದ್ದಿತು. ಸೆಕೆಗೆ ತಾವೇ ಜೋರಾಗಿ ಹಾಕಿದ್ದ ಫ್ಯಾನಿನ ಕೆಳಗೆ ಕೂತಿದ್ದರು. ಒಂದು ಹಿಡಿ ಪುಡಿ ಮೋಡವಾಗಿ ಮೇಲೆದ್ದು ಮುದ್ದಮ್ಮನ ಎಡಗಣ್ಣಿಗೆ ಹೋಯಿತು.

"ಅಯ್ಯಯ್ಯೋ, ಉರಿ! ಉರಿ ಕಣ್ರೀ!"

"ಉಜ್ಜಬೇಡ! ನಲ್ಲಿಗೆ ಬಾ! ಫ್ಯಾನ್ ಯಾರೇ ಹಾಕಿದ್ದು?"

"ನೀವೇ!"

ಸಣ್ಣಮಾದಯ್ಯನವರ ಸಿಟ್ಟು ಇಮ್ಮಡಿಯಾಯಿತು. ಹೆಂಡತಿಯ ತಲೆಯನ್ನು ನಲ್ಲಿಯ ಕೆಳಗೆ ಹಿಡಿದು, ರೆಪ್ಪೆ ಬಿಡಿಸಿ, ಗೋಡೆಯ ಗಡಿಯಾರ ನೋಡಿಕೊಂಡು ಪೂರ್ತಿ ಹದಿನೈದು ನಿಮಿಷ ಸಣ್ಣಗೆ ನೀರು ಬಿಟ್ಟರು. ಪ್ರತಿ ನಿಮಿಷಕ್ಕೂ "ಇನ್ನೂ ಹನ್ನೆರಡು! ಇನ್ನೂ ಹನ್ನೊಂದು!" ಎಂದು ಕೂಗಿದರು. ಆ ಕೂಗು ಎದುರುಮನೆಗೆ ಚೆನ್ನಾಗಿ ಕೇಳಿಸಿತು. ಉರಿ ಇಳಿಯಿತು, ಕಣ್ಣು ಕಾಣಿಸಿತು, ಕೆಂಪು ಮಾತ್ರ ಉಳಿಯಿತು. ನಲ್ಲಿ ನಿಲ್ಲಿಸಿ ಸಣ್ಣಮಾದಯ್ಯನವರು ಒಂದು ನಿರ್ಧಾರಕ್ಕೆ ಬಂದರು: ಈ ಬೀದಿಗೆ ತಿಳಿವಳಿಕೆ ಕೊಡಬೇಕು.

ಫೋನಿನಲ್ಲಿ ಹುಡುಕಿದಾಗ ಇಂಗ್ಲಿಷಿನಲ್ಲಿ ಒಂದು ಸುರಕ್ಷತಾ ಪಟ್ಟಿ ಸಿಕ್ಕಿತು. ಕಾರ್ಖಾನೆಯಲ್ಲಿ ಮೂಟೆಗಟ್ಟಲೆ ಪುಡಿ ಸುರಿಯುವ ಕೆಲಸಗಾರರಿಗೆಂದು ಬರೆದದ್ದು ಅದು. ಫೋನೇ ಅದನ್ನು ಕನ್ನಡಕ್ಕೆ ತಿರುಗಿಸಿಕೊಟ್ಟಿತು. ಬೆಳಿಗ್ಗೆ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಿ, ಕಾಲೇಜಿಗೆ ಹೋಗುವ ಮುಂಚೆ ಬೀದಿಯ ಗೇಟುಗಳಿಗೆಲ್ಲ ಅಂಟಿಸಿದರು. ಅದು ಹೀಗಿತ್ತು:

"ಎಚ್ಚರಿಕೆ! ಆಮ್ಲ! ಕಣ್ಣಿಗೆ ಗಂಭೀರ ಕೆರಳಿಕೆಯನ್ನು ಉಂಟುಮಾಡುತ್ತದೆ. ಧೂಳನ್ನು ಉಸಿರಾಡತಕ್ಕದ್ದಲ್ಲ. ಕೈಗವಸು ಮತ್ತು ಕಣ್ಣಿನ ರಕ್ಷಣೆಯಿಲ್ಲದೆ ಸಮೀಪಿಸತಕ್ಕದ್ದಲ್ಲ. ನುಂಗಿದಲ್ಲಿ ಬಾಯಿ ತೊಳೆದು ವೈದ್ಯರನ್ನು ಕಾಣತಕ್ಕದ್ದು. ಜಯಂತಿಯ ದಿನ ಎಲ್ಲರಿಗೂ ಶರಬತ್ತಿನ ವ್ಯವಸ್ಥೆ ಇರುತ್ತದೆ. ಇಂತಿ, ಸಣ್ಣಮಾದಯ್ಯ, ರಸಾಯನಶಾಸ್ತ್ರ ವಿಭಾಗ."

ನೀರಿನಲ್ಲಿ ಅಳತೆಯಾಗಿ ಕರಗಿಸಿದರೆ ಏನೂ ಆಗುವುದಿಲ್ಲ ಎಂಬ ಒಂದು ಸಾಲನ್ನು ಬರೆಯಬೇಕೆಂದಿದ್ದರು. ಕಾಗದದಲ್ಲಿ ಜಾಗ ಉಳಿಯಲಿಲ್ಲ.

ಬಸಮ್ಮ ಗೇಟಿನ ಬಳಿ ನಿಂತು ಅದನ್ನು ಬೆರಳಿಟ್ಟು ಓದಿದರು. ಎರಡನೆಯ ಸಲ ಗಟ್ಟಿಯಾಗಿ ಓದಿದರು.

"ನುಂಗಿದ್ರೆ ಬಾಯಿ ತೊಳ್ಕೊಂಡು ಡಾಕ್ಟ್ರ ಹತ್ರ ಓಡಬೇಕಂತೆ. ಅದನ್ನೇ ಶರಬತ್ತು ಮಾಡಿ ಎಲ್ರಿಗೂ ಕೊಡ್ತಾರಂತೆ!"

ಅಷ್ಟರಲ್ಲಿ ಮುದ್ದಮ್ಮ ಕೆಂಪುಗಣ್ಣು ಬಿಟ್ಟುಕೊಂಡು ರಂಗೋಲಿ ಹಾಕಲು ಹೊರಬಂದರು. ಬೀದಿಗೆ ಇನ್ನೇನು ಸಾಕ್ಷಿ ಬೇಕು? ಮುದ್ದಮ್ಮನ ಕಣ್ಣು ಮೂರನೆಯ ಮನೆ ದಾಟುವಾಗ ಅರ್ಧ ಹೋಗಿತ್ತು. ಪಾರ್ಕು ತಲುಪುವಾಗ ಪೂರ್ತಿ ಹೋಗಿತ್ತು. ತರಕಾರಿ ಗಾಡಿಯ ಜೊತೆ ಮುಂದಿನ ಕ್ರಾಸಿಗೆ ಹೋಗುವ ಹೊತ್ತಿಗೆ ಎರಡನೆಯ ಕಣ್ಣೂ ಉಳಿದಿರಲಿಲ್ಲ. ನೋಟೀಸಿನ ಫೋಟೋ ಎಷ್ಟು ಮೊಬೈಲುಗಳಿಗೆ ಹಾರಿತೋ ಲೆಕ್ಕವಿಲ್ಲ.

ಸಂಜೆ ಸಣ್ಣಮಾದಯ್ಯನವರು ಕಾಲೇಜಿನಿಂದ ಬಂದಾಗ ಮನೆಯ ಮುಂದೆ ಆಟೋ ನಿಂತಿತ್ತು. ಮಂಡಕಳ್ಳಿಯಿಂದ ಮುದ್ದಮ್ಮನ ಅಣ್ಣ, ಅತ್ತಿಗೆ, ಇಬ್ಬರು ಚಿಕ್ಕಮ್ಮಂದಿರು ಆರು ಎಳನೀರಿನ ಸಮೇತ ಬಂದು ಅಳುತ್ತಿದ್ದರು. ಮುದ್ದಮ್ಮ ಅವರ ನಡುವೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು.

"ನನಗೆ ಎರಡು ಕಣ್ಣೂ ಕಾಣ್ತಾ ಅವೆ ಕಣಣ್ಣ."

"ನಮಗೆ ನೋವಾಗ್ಬಾರ್ದು ಅಂತ ಹಂಗಂತಿದ್ದೀಯ. ಇದೇನು ಹೇಳು, ಎಷ್ಟು ಬೆರಳು?"

"ಮೂರು."

"ಅಂದಾಜಲ್ಲಿ ಹೇಳ್ತಾಳೆ ಪಾಪ" ಎಂದು ಒಬ್ಬ ಚಿಕ್ಕಮ್ಮ ಮೂಗೊರೆಸಿಕೊಂಡರು.

ಸಣ್ಣಮಾದಯ್ಯನವರು ಬಾಗಿಲಲ್ಲೇ ನಿಂತು ಕೂಗಿದರು. ನೆಂಟರ ಮೇಲೆ ಕೂಗಿದರು, ಹೊರಗೆ ಬಂದು ಬೀದಿಯ ಮೇಲೆ ಕೂಗಿದರು. ಮಾಹಿತಿ ಕೊಟ್ಟರೂ ತಪ್ಪು, ಕೊಡದಿದ್ದರೂ ತಪ್ಪು ಎಂದರೆ ಮನುಷ್ಯ ಎಲ್ಲಿಗೆ ಹೋಗಬೇಕು ಎಂದು ಕೇಳಿದರು. ಬೀದಿಯವರು ತಮ್ಮ ತಮ್ಮ ಗೇಟುಗಳ ಒಳಗೆ ನಿಂತು ಗೌರವದಿಂದ ಕೇಳಿಸಿಕೊಂಡು, ಆಮ್ಲದ ಪ್ರಭಾವ ಮೇಷ್ಟ್ರ ತಲೆಗೂ ಏರಿರಬೇಕೆಂದು ಮಾತಾಡಿಕೊಂಡರು.

ಜಯಂತಿಯ ಹಿಂದಿನ ದಿನ ಬೆಳಿಗ್ಗೆ ಒಂದು ಬೈಕು ಬಂದು ಪೆಂಡಾಲಿನ ಗಳುಗಳ ಪಕ್ಕ ನಿಂತಿತು. ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಫೈಲು. ಹೆಸರು ಸಾಗರ್. ಕೆಲಸಕ್ಕೆ ಸೇರಿ ಎರಡು ತಿಂಗಳಾದ ಹೆಲ್ತ್ ಇನ್‌ಸ್ಪೆಕ್ಟರು.

"ಯಾರ್ರೀ ಇಲ್ಲಿ ಸಾರ್ವಜನಿಕರಿಗೆ ಆಸಿಡ್ ಹಂಚ್ತಿರೋದು?"

ಬೀದಿಯೆಲ್ಲ ಸಣ್ಣಮಾದಯ್ಯನವರ ಗೇಟಿನ ಕಡೆ ಕೈ ತೋರಿಸಿತು. ಅವರು ಡಬ್ಬಿ ಹಿಡಿದುಕೊಂಡೇ ಹೊರಗೆ ಬಂದರು. ಡಬ್ಬಿಯ ನಾಲ್ಕು ಕಡೆಗೂ ಹೆಸರು, ತಾರೀಕು, ಎಚ್ಚರಿಕೆ, ಎಲ್ಲ ದಪ್ಪ ಅಕ್ಷರದಲ್ಲಿ ಅಂಟಿಸಿತ್ತು. ಅದನ್ನು ಕಾಂಪೌಂಡ್ ಗೋಡೆಯ ಮೇಲೆ ಇಟ್ಟರು.

"ಇದು ಹಂಚೋ ಆಸಿಡ್ ಅಲ್ಲ. ತಿನ್ನೋ ಆಸಿಡ್."

"ತಿನ್ನೋ ಆಸಿಡ್ ಅಂತ ಯಾರು ಹೇಳಿದ್ದು? ಪ್ಯಾಕೆಟ್ ಎಲ್ಲಿ? ಕಂಪನಿ ಹೆಸರೆಲ್ಲಿ?"

ಆ ಪ್ರಶ್ನೆ ನ್ಯಾಯವಾಗಿತ್ತು. ಸಣ್ಣಮಾದಯ್ಯನವರು ಶಿವಲಿಂಗಯ್ಯನವರ ಕಡೆ ಸುಡುವಂತೆ ನೋಡಿದರು. ಶಿವಲಿಂಗಯ್ಯ ಮುಂದಕ್ಕೆ ಬಂದು ಕೈಮುಗಿದು, "ಸಾರ್, ನಮ್ಮ ಮೇಷ್ಟ್ರು ಸಾಮಾನ್ಯರಲ್ಲ. ಕೆಮಿಸ್ಟ್ರಿ ಪ್ರೊಫೆಸರ್ರು" ಎಂದರು. ಇನ್‌ಸ್ಪೆಕ್ಟರರ ಎದುರು ಲೆಕ್ಚರರ್ ಸಾಲದೆಂದು ಅಲ್ಲೇ ಬಡ್ತಿ ಕೊಟ್ಟಿದ್ದರು.

"ಓ, ಪ್ರೊಫೆಸರ್ರಾ?" ಸಾಗರ್ ಕನ್ನಡಕ ತೆಗೆದರು. "ಹಂಗಾದ್ರೆ ನಿಮ್ಮ ಡಿಗ್ರಿ ಸರ್ಟಿಫಿಕೇಟು, ಕಾಲೇಜಿನ ಐಡಿ ಕಾರ್ಡು ತೋರ್ಸಿ ಸಾರ್. ನೀವೇ ಬರೆದು ಸೈನ್ ಹಾಕಿಕೊಟ್ರೆ ನಾನು ಫೈಲ್ ಮುಚ್ತೀನಿ."

ಸಣ್ಣಮಾದಯ್ಯನವರು "ತಂದೆ" ಎಂದು ಒಳಗೆ ಹೋದರು. ಒಳಗೆ ಹೋಗಿ ಬೀರುವಿನ ಮುಂದೆ ನಿಂತರು. ಬೀರುವಿನಲ್ಲಿ ಏನಿದೆ, ಏನಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಬಾಗಿಲು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು.

"ಏನ್ ಹುಡುಕ್ತಿದ್ದೀರಿ? ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಾ?" ಎಂದರು ಮುದ್ದಮ್ಮ.

"ಸುಮ್ನಿರ್‍ತೀಯಾ!"

"ಹೋಗಿ ಹೇಳ್ಬುಡಿ. ಹೇಳುದ್ರೆ ಏನ್ ತಲೆ ಹೋಗಲ್ಲ."

ಅವರು ಬೀರುವಿನ ಮುಂದೆ ಇನ್ನೂ ಐದು ನಿಮಿಷ ನಿಂತರು. ಆ ಐದು ನಿಮಿಷದಲ್ಲಿ ಹೊರಗೆ ಶಿವಲಿಂಗಯ್ಯ ಸುಮ್ಮನಿರಲಿಲ್ಲ. ಪೆಂಡಾಲಿಗೆ ಅಡ್ಡಿಯಾದರೆ ಗತಿಯೇನೆಂದು ಹೆದರಿ, "ಸಾರ್, ಈ ರಗಳೆನೇ ಬೇಡ, ಈ ಪುಡಿನ ನಾಶ ಮಾಡ್ಬುಡ್ತೀವಿ" ಎಂದರು. ಸಾಗರ್ ಗಡಿಯಾರ ನೋಡಿಕೊಂಡು, "ಏನಾದ್ರೂ ಮಾಡಿ, ನನ್ನ ಕಣ್ಮುಂದೆ ಮಾಡಿ" ಎಂದರು.

ಸಣ್ಣಮಾದಯ್ಯನವರು ಬರಿಗೈಯಲ್ಲಿ ಹೊರಗೆ ಬಂದಾಗ ಡಬ್ಬಿ ಖಾಲಿಯಾಗಿತ್ತು. ಪುಡಿಯೆಲ್ಲ ರಸ್ತೆಯ ಮಧ್ಯೆ ಒಂದು ಬಕೆಟ್ ನೀರಿನಲ್ಲಿ ಕರಗಿತ್ತು. ಶಿವಲಿಂಗಯ್ಯ ಅದರ ಮೇಲೆ ಬ್ಲೀಚಿಂಗ್ ಪೌಡರಿನ ಕವರು ಬಿಚ್ಚಿ ಹಿಡಿದಿದ್ದರು. ಬೀದಿಯೆಲ್ಲ ಸುತ್ತ ನಿಂತಿತ್ತು. ಬಸಮ್ಮ ಎಲ್ಲರಿಗಿಂತ ಮುಂದೆ ಇದ್ದರು.

"ಏನ್ ಮಾಡ್ತಿದ್ದೀರಿ?"

"ಆಸಿಡ್ಡನ್ನ ಹಂಗೇ ಚರಂಡಿಗೆ ಸುರಿಯೋಕಾಗ್ತದಾ ಮೇಷ್ಟ್ರೆ? ಮೊದ್ಲು ಬ್ಲೀಚಿಂಗ್ ಹಾಕಿ ಸಾಯಿಸ್ಬುಡ್ತೀನಿ. ಆಮೇಲೆ ಸುರೀತೀನಿ."

"ಬೇಡ! ನಿಲ್ಸಿ! ಅದು ಸಾಯಲ್ಲ ಕಣ್ರೀ, ನಾವು ಸಾಯ್ತೀವಿ!"

"ಒಂದು ನಿಮಿಷ" ಎಂದು ಸಾಗರ್ ಅಡ್ಡ ಬಂದರು. "ಬ್ಲೀಚಿಂಗ್ ಪೌಡರ್ ಅಂದ್ರೆ ಶುದ್ಧಿ ಮಾಡೋದು. ಊರಿಗೆಲ್ಲ ನಾವೇ ಹಾಕ್ತೀವಿ. ನೀವು ಮೊದ್ಲು ಸರ್ಟಿಫಿಕೇಟ್ ತೋರ್ಸಿ ಸಾರ್, ಆಮೇಲೆ ಮಾತಾಡಿ."

ಸಣ್ಣಮಾದಯ್ಯನವರ ಹಣೆಯ ನರ ಉಬ್ಬಿತು. ಆ ಬೀದಿ ಆರು ವರ್ಷದಲ್ಲಿ ಅವರ ಸಿಟ್ಟನ್ನು ಸಾವಿರ ಸಲ ಕಂಡಿತ್ತು. ಇಂಥದ್ದನ್ನು ಕಂಡಿರಲಿಲ್ಲ.

"ಇಲ್ಲ ಕಣ್ರೀ! ಸರ್ಟಿಫಿಕೇಟ್ ಇಲ್ಲ! ನಾನು ಪ್ರೊಫೆಸರ್ ಅಲ್ಲ, ಲೆಕ್ಚರರ್ ಅಲ್ಲ, ಮೇಷ್ಟ್ರೂ ಅಲ್ಲ! ನಾನು ಅಟೆಂಡರು! ಇಪ್ಪತ್ತಾರು ವರ್ಷದಿಂದ ಅಟೆಂಡರು! ಲೆಕ್ಚರರ್ರು ಬೋರ್ಡ್ ಮೇಲೆ ಬರೆದು ಕೈ ಒರೆಸಿಕೊಂಡು ಹೋಗ್ತಾರೆ, ಸಿಂಕ್ ತೊಳೆಯೋನು ನಾನು! ಆಸಿಡ್ ಉಳಿದಿದ್ದ ಸಿಂಕಿಗೆ ಇದೇ ಬ್ಲೀಚಿಂಗ್ ಹಾಕಿ ಉಜ್ಜಿ, ಮೂರು ದಿನ ಆಸ್ಪತ್ರೇಲಿ ಉಸಿರಿಗೆ ಒದ್ದಾಡಿದೋನು ನಾನು! ಇದಕ್ಕೆ ಯಾವ ಸರ್ಟಿಫಿಕೇಟ್ ಬೇಕ್ರೀ ನಿಮಗೆ?"

ಮುದ್ದಮ್ಮ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡರು.

"ಅಟೆಂಡರ್ರಾ?" ಎಂದರು ಶಿವಲಿಂಗಯ್ಯ. ಎನ್ನುತ್ತಿದ್ದಂತೆ ಅವರ ಎರಡು ಕೈಯೂ ಸಡಿಲವಾದವು.

ಕವರು ಬಕೆಟ್ಟಿನೊಳಗೆ ಬಿತ್ತು.

ಬಕೆಟ್ಟು ಒಮ್ಮೆ ಬುಸುಗುಟ್ಟಿತು. ನೊರೆ ಉಕ್ಕಿತು. ಒಡನೆಯೇ ಮೂಗಿನಿಂದ ಎದೆಯ ತನಕ ಚಾಕು ಎಳೆದಂಥ ಘಾಟು ಎದ್ದಿತು.

"ಉಸಿರು ಹಿಡೀರಿ! ಓಡಿ!" ಸಣ್ಣಮಾದಯ್ಯನವರು ಕೂಗಿದರು. ಜನ ಗಾಬರಿಯಲ್ಲಿ ದಿಕ್ಕಾಪಾಲಾಗುತ್ತಿದ್ದರು. ಬಸಮ್ಮನ ಮಹಡಿಯ ಮೇಲೆ ಒಣಗಲು ಹಾಕಿದ್ದ ಸೀರೆ ಪಾರ್ಕಿನ ಕಡೆಗೆ ಹಾರುತ್ತಿದ್ದುದು ಅವರ ಕಣ್ಣಿಗೆ ಬಿತ್ತು. "ಪಾರ್ಕಿನ ಕಡೆ ಹೋಗ್ಬೇಡ್ರೋ! ಸೀರೆ ಹಾರೋ ಕಡೆ ಹೋಗ್ಬೇಡಿ! ಈ ಕಡೆ ಬನ್ನಿ, ಮೇನ್ ರೋಡಿಗೆ! ಆ ಸಾಲಿನವರು ಕಿಟಕಿ ಮುಚ್ಕೊಳ್ಳಿ! ಮುದ್ದೀ, ಫೈರ್ ಇಂಜಿನ್‌ಗೆ ಫೋನ್ ಮಾಡೇ!"

ಅವರು ಬಸಮ್ಮನನ್ನು ತೋಳು ಹಿಡಿದು ಎಳೆದರು. ಬಸಮ್ಮ ಕೆಮ್ಮುತ್ತಲೇ ಓಡಿದರು. ಶಿವಲಿಂಗಯ್ಯ ಬಕೆಟ್ಟಿನ ಪಕ್ಕ ಎರಡಾಗಿ ಬಗ್ಗಿ ಕೆಮ್ಮುತ್ತಿದ್ದರು. ಸಣ್ಣಮಾದಯ್ಯನವರು ಬಾಯಿಗೆ ಬಟ್ಟೆ ಒತ್ತಿಕೊಂಡು ಹಿಂದಕ್ಕೆ ಹೋಗಿ ಅವರನ್ನು ಸೊಂಟ ಹಿಡಿದು ದಬ್ಬಿಕೊಂಡು ಬಂದರು. ತಿರುಗಿ ನೋಡಿದರೆ, ಹೆಲ್ತ್ ಇನ್‌ಸ್ಪೆಕ್ಟರರು ಕರ್ತವ್ಯಪ್ರಜ್ಞೆಯಿಂದ ಬಕೆಟ್ಟಿನ ಕಡೆಗೇ ಹೆಜ್ಜೆಯಿಡುತ್ತಿದ್ದರು. ಅದರ ಒಂದು ಫೋಟೋ ಬೇಕಾಗಿತ್ತಂತೆ.

ಸಣ್ಣಮಾದಯ್ಯನವರು ಇಸ್ತ್ರಿಯ ಅಂಗಿಯ ಕಾಲರಿಗೆ ಕೈ ಹಾಕಿದರು. ಕಾಲರು ಕಿತ್ತು ಬಂತು. ಅಂಗಿ ಹಿಡಿದರು, ಎರಡು ಗುಂಡಿ ಹಾರಿದವು. ಕೊನೆಗೆ ಬೆಲ್ಟು ಹಿಡಿದು ಸರ್ಕಾರವನ್ನು ಮೇನ್ ರೋಡಿನ ತನಕ ಎಳೆದುಕೊಂಡು ಬಂದರು.

"ರೀ, ನಾನು ಆನ್ ಡ್ಯೂಟಿ…" ಸಾಗರ್ ಮಾತು ಕೆಮ್ಮಿನಲ್ಲಿ ಮುಳುಗಿತು.

"ಡ್ಯೂಟಿ ಮಾಡೋಕೆ ಶ್ವಾಸಕೋಶ ಬೇಡವೇನ್ರೀ!"

ಅಗ್ನಿಶಾಮಕ ದಳದವರು ಮುಖವಾಡ ಹಾಕಿಕೊಂಡು ಬಂದು, ಜನರನ್ನು ಇನ್ನೂ ದೂರ ಕಳಿಸಿ, ಬಕೆಟ್ಟಿನ ವಿಲೇವಾರಿ ಮಾಡುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಶಿವಲಿಂಗಯ್ಯನವರನ್ನು ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿ ಮುಖಕ್ಕೆ ಆಮ್ಲಜನಕದ ಮಾಸ್ಕು ಹಾಕಿದರು. ಉಳಿದವರಿಗೆ ಕೆಮ್ಮು, ಕಣ್ಣೀರು ಬಿಟ್ಟರೆ ಹೆಚ್ಚಿನದೇನೂ ಆಗಲಿಲ್ಲ. ದಳದ ಮುಖ್ಯಸ್ಥರು ಸುತ್ತ ನೋಡಿ ಕೇಳಿದರು:

"ಜನರನ್ನ ಗಾಳಿಗೆದುರಾಗಿ ಕಳಿಸಿದ್ದು ಯಾರು? ಪಾರ್ಕಿನ ಕಡೆ ಓಡಿದ್ರೆ ಕಷ್ಟ ಇತ್ತು."

"ನಮ್ಮ ಬೀದಿ ಅಟೆಂಡರ್ರು" ಎಂದರು ಬಸಮ್ಮ. ಹಿಂದಿನ ಆರು ವರ್ಷ ಅವರನ್ನು ಹಾಗೆಯೇ ಕರೆಯುತ್ತಿದ್ದವರಂತೆ, ಒಂದಿಷ್ಟೂ ತಡವರಿಸದೆ ಎಂದರು.

ಸಂಜೆ ಸಣ್ಣಮಾದಯ್ಯನವರು ಮುದ್ದಮ್ಮನೊಂದಿಗೆ ಶಿವಲಿಂಗಯ್ಯನವರನ್ನು ನೋಡಲು ಹೋದರು. ಶಿವಲಿಂಗಯ್ಯ ಮುಖದ ಮಾಸ್ಕು ಸರಿಸಿದರು.

"ಬನ್ನಿ ಮೇಷ್… ಅಲ್ಲಾ, ಇನ್ನು ಏನಂತ ಕರೀಲಿ ನಿಮ್ಮನ್ನ?"

"ನಮ್ಮಪ್ಪ ಒಂದು ಹೆಸರಿಟ್ಟವ್ರೆ. ಅದರಲ್ಲೇ ಕರೀರಿ."

"ಆರು ವರ್ಷ ಸುಳ್ಳು ಹೇಳ್ಬುಟ್ರಲ್ಲ ಸಣ್ಣಮಾದಯ್ಯ."

"ಹೇಳ್ಲಿಲ್ಲ! ಒಂದು ದಿನವೂ ಹೇಳ್ಲಿಲ್ಲ!" ಸಿಟ್ಟು ಅಭ್ಯಾಸಬಲದಿಂದ ಮೇಲೆದ್ದಿತು, ಅರ್ಧಕ್ಕೆ ನಿಂತಿತು. "ನೀವು ಕರೆದಾಗ ಬೇಡ ಅಂತಲೂ ಹೇಳ್ಲಿಲ್ಲ. ಮೊದಲೇ ಅಟೆಂಡರ್ ಅಂದಿದ್ರೆ ಇವತ್ತು ನಿಮ್ಮ ಕೈ ಜಾರ್‍ತಿರ್‍ಲಿಲ್ಲ. ತಪ್ಪು ನಂದೇ! ತಪ್ಪು ನಂದೇ ಕಣ್ರೀ!"

ಅದನ್ನೂ ಅವರು ಕೂಗಿಯೇ ಹೇಳಿದರು. ನರ್ಸು ಬಂದು ಹೊರಗೆ ಕಳಿಸಿದಳು.

ಅಲ್ಲಿಂದ ನೇರ ಸಂತೆಪೇಟೆಗೆ ಮೊಪೆಡ್ಡು ಹೊಡೆದರು. ಮುದ್ದಮ್ಮ ಹಿಂದೆ ಕೂತಿದ್ದರು. ಅಂಗಡಿಯವನು ಚೀಲಕ್ಕೆ ಕೈಹಾಕಿ ಬಿಡಿ ಪುಡಿ ತೂಗಲು ಹೊರಟಾಗ ಸಣ್ಣಮಾದಯ್ಯನವರು ತಕ್ಕಡಿಯ ಮೇಲೆ ಕೈಯಿಟ್ಟರು. ಆಮೇಲೆ ಅವರು ಮಾತಾಡಿದ್ದು ಆ ಸಾಲಿನ ಹನ್ನೊಂದು ಅಂಗಡಿಗಳಿಗೆ ಕೇಳಿಸಿತು. ಅವರು ಅಲ್ಲಿಂದ ಹೊರಡುವಾಗ ಮುದ್ದಮ್ಮನ ಕೈಯಲ್ಲಿ ಕಂಪನಿ ಸೀಲಿನ ಪ್ಯಾಕೆಟ್ಟಿತ್ತು. ಆಹಾರಕ್ಕೆ ಬಳಸುವಂಥದ್ದು ಎಂದು ಅದರ ಮೇಲೆ ಸ್ಪಷ್ಟವಾಗಿ ಬರೆದಿತ್ತು. ಹನ್ನೊಂದು ಅಂಗಡಿಯವರೂ ಕವರುಗಳ ಮೇಲೆ ಚೀಟಿ ಅಂಟಿಸಲು ಶುರುಮಾಡಿದ್ದರು.

ಜಯಂತಿಯ ದಿನ ಬೆಳಿಗ್ಗೆ ಹೂವಿನ ಹಾರ, ನೀಲಿ ಬಾವುಟ, ಹಾಡು ಎಲ್ಲ ಆಯಿತು. ಪೆಂಡಾಲಿನ ಕೆಳಗೆ ಸ್ಟೀಲ್ ಡ್ರಮ್ಮಿನ ಮುಂದೆ ಸಣ್ಣಮಾದಯ್ಯನವರು ನಿಂತರು. ಯಾರೋ ತಂದಿದ್ದ ಅಲ್ಯೂಮಿನಿಯಂ ಹಂಡೆಯನ್ನು ಹುಳಿಗೆ ಆಗದೆಂದು ಬೈದು ವಾಪಸು ಕಳಿಸಿಯಾಗಿತ್ತು. ಗಾಳಿ ಬೀಸದ ಮೂಲೆಯಲ್ಲಿ ಪುಡಿ ತೂಗಿ, ಒಂದು ಚೊಂಬು ನೀರಿನಲ್ಲಿ ಕರಗಿಸಿ, ಆ ನೀರನ್ನು ಡ್ರಮ್ಮಿಗೆ ಸುರಿದು, ಸಕ್ಕರೆ ಏಲಕ್ಕಿ ಹಾಕಿ ತಿರುಗಿಸಿದರು. ಯಾರೂ ಹತ್ತಿರ ಬರಲಿಲ್ಲ. ಎಲ್ಲರೂ ಬಿಸಿಲಲ್ಲಿ ನಿಂತು ನೋಡುತ್ತಿದ್ದರು.

ಅವರು ಒಂದು ಲೋಟ ತುಂಬಿಸಿ ಎಲ್ಲರೆದುರು ಗಟಗಟನೆ ಕುಡಿದರು. ಅವರು ಬೀಳುವುದನ್ನು ಬೀದಿ ಕಾಯಿತು. ಬೀಳಲಿಲ್ಲ. ಮುದ್ದಮ್ಮ ಮುಂದೆ ಬಂದು ಇನ್ನೊಂದು ಲೋಟ ಕುಡಿದರು, ಬಾಯಿ ಚಪ್ಪರಿಸಿದರು.

"ಬರೀ ಪಾನಕ ಇದ್ದಂಗದೆ. ಹುಳಿ ಸಾಲ್ದು."

"ಸಾಲ್ದಾ? ಅಳತೆ ಮಾಡಿ ಹಾಕಿದೀನಿ!"

"ಹೆದರ್‍ಕೊಂಡು ಹಾಕಿದೀರಿ. ಸಾಲ್ದು."

ಸಣ್ಣಮಾದಯ್ಯನವರು ಮತ್ತೆ ಮೂಲೆಗೆ ಹೋಗಿ, ತೂಗಿ, ಕರಗಿಸಿ ತಂದು ಸುರಿದರು. ಈ ಸಲ ಮುದ್ದಮ್ಮ ತಲೆಯಾಡಿಸಿದರು. ಬಸಮ್ಮ ಮೊಮ್ಮಗಳ ಕೈ ಹಿಡಿದು ಬಂದು, "ನನಗೆ ದೊಡ್ಡ ಲೋಟ" ಎಂದರು. ಅಷ್ಟಾದದ್ದೇ ತಡ, ಬೀದಿಗೆ ಬೀದಿಯೇ ಸಾಲು ನಿಂತಿತು. ಹೊತ್ತೇರಿದಂತೆ ಮುಂದಿನ ಕ್ರಾಸಿನವರೂ, ಆಟೋದವರೂ, ದಾರಿಹೋಕರೂ ಸೇರಿ ಸಾಲು ಮೇನ್ ರೋಡು ಮುಟ್ಟಿತು.

ಹನ್ನೆರಡರ ಬಿಸಿಲಿಗೆ ಬೈಕು ಬಂತು. ಹೊಸ ಅಂಗಿ ಹಾಕಿಕೊಂಡ ಸಾಗರ್ ಫೈಲು ಹಿಡಿದು ನೇರ ಡ್ರಮ್ಮಿನ ಬಳಿ ನಡೆದರು. ಪ್ಯಾಕೆಟ್ ನೋಡಿದರು, ಬರೆದುಕೊಂಡರು, ಒಂದು ಸೀಸೆಯಲ್ಲಿ ಸ್ಯಾಂಪಲ್ ತೆಗೆದುಕೊಂಡರು. ಆಮೇಲೆ ಒಂದು ಲೋಟ ಕುಡಿದರು. ಅವರ ಮುಖ ಅರಳಿತು. ಲೋಟವನ್ನು ಮತ್ತೆ ಮುಂದಕ್ಕೆ ಚಾಚಿದರು.

"ಇನ್ನೊಂದು ಸ್ಯಾಂಪಲ್ ಬೇಕಾಗ್ತದೆ."

"ಲೈನಲ್ಲಿ ಬನ್ನಿ" ಎಂದರು ಸಣ್ಣಮಾದಯ್ಯನವರು.

"ರೀ, ನಾನು ಇನ್‌ಸ್ಪೆಕ್ಟರು."

"ನಾನು ಅಟೆಂಡರು. ಲೈನ್ ಅಲ್ಲಿ ಐತೆ, ಮೇನ್ ರೋಡ್ ಹತ್ರ."

ಸಾಗರ್ ಸುತ್ತ ನೋಡಿದರು. ಸಾಲಿನಲ್ಲಿದ್ದವರು ಯಾರೂ ಜಾಗ ಬಿಡಲಿಲ್ಲ. ಅವರು ಖಾಲಿ ಲೋಟ ಹಿಡಿದುಕೊಂಡು ಅಷ್ಟುದ್ದದ ಸಾಲಿನ ಪಕ್ಕ ನಡೆದು ಕೊನೆಗೆ ಹೋದರು. ಅಲ್ಲಿ ಹಣ್ಣಿನ ಬುಟ್ಟಿ ಹೊತ್ತ ಒಬ್ಬ ಮುದುಕಿ ನಿಂತಿದ್ದಳು. ಅವಳ ಹಿಂದೆ, ಫೈಲನ್ನು ತಲೆಯ ಮೇಲೆ ಹಿಡಿದು ನಿಂತುಕೊಂಡರು.